ವಾಸಿಯಾಗದ ರೋಗಿಯ ಬಳಿ ವೈದ್ಯನಿಗೇನು ಕೆಲಸ?

ಕಳೆದ ಐವತ್ತು ವರ್ಷಗಳಲ್ಲಿ ವೈದ್ಯವಿಜ್ಞಾನವು ಸಾಧಿಸಿರುವುದನ್ನು ಯಾರೂ ಅಲ್ಲಗಳೆಯಲಾರರು. ನಿಂತ ಹೃದಯವನ್ನು ಮತ್ತೆ ಮಿಡಿಯುವಂತೆ ಮಾಡುವ, ಉಸಿರಾಡಲಾರದ ಎದೆಗೆ ಯಂತ್ರದಿಂದ ಉಸಿರು ತುಂಬುವ, ಕೆಟ್ಟ ಮೂತ್ರಪಿಂಡದ ಕೆಲಸವನ್ನು ಡಯಾಲಿಸಿಸ್‌ಗೆ ಒಪ್ಪಿಸುವ ವಿದ್ಯೆ ಇಂದು ನಮ್ಮ ಜಿಲ್ಲಾ ಕೇಂದ್ರಗಳವರೆಗೂ ಬಂದಿದೆ. ಆದರೆ ಈ ವಿದ್ಯೆಯ ಜೊತೆಗೇ ಒಂದು ಹೊಸ ಸಂಕಟವೂ ನಮ್ಮ ಮನೆಗಳನ್ನು ಹೊಕ್ಕಿದೆ. ಎಂಬತ್ತು ದಾಟಿದ ತಂದೆ ತೀವ್ರ ನಿಗಾ ಘಟಕದಲ್ಲಿದ್ದಾರೆ. ವೈದ್ಯರು ಹೊರಗೆ ಬಂದು, ವೆಂಟಿಲೇಟರ್ ಹಾಕಬೇಕೆ ಬೇಡವೆ ಎಂದು ಕೇಳುತ್ತಾರೆ. ಐದು ನಿಮಿಷದಲ್ಲಿ ಉತ್ತರ ಕೊಡಬೇಕು. ಬೇಡವೆಂದರೆ ಹೆತ್ತ ತಂದೆಯನ್ನು ಕೈಯಾರೆ ಕೊಂದೆವೆಂಬ ಪಾಪಪ್ರಜ್ಞೆ, ಬೇಕೆಂದರೆ ಇದ್ದ ಒಂದೆಕರೆ ತೋಟವೂ ಅಡವು. ಈ ಪ್ರಶ್ನೆಗೆ ಉತ್ತರಿಸುವುದನ್ನು ನಮಗೆ ಯಾರೂ ಕಲಿಸಿಲ್ಲ, ಶಾಲೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ, ಧರ್ಮಕೇಂದ್ರವೂ ಇಲ್ಲ.

ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡು ಅತುಲ್ ಗವಾಂಡೆಯವರು 2014ರಲ್ಲಿ ಪ್ರಕಟಿಸಿದ ‘ಬೀಯಿಂಗ್ ಮಾರ್ಟಲ್’ ಎಂಬ ಗ್ರಂಥ ನಮ್ಮ ಕುಟುಂಬಗಳು ಅರಿಯಬೇಕಾದದ್ದು. ಗವಾಂಡೆ ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯರು. ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದ ವೈದ್ಯ ದಂಪತಿಯ ಮಗ. ದೇಹದ ಕೇಡಿನೊಡನೆ ಹೋರಾಡುವುದನ್ನು ವೈದ್ಯಶಾಸ್ತ್ರ ಕಲಿತಿದೆ, ಆದರೆ ಗೆಲುವು ಸಾಧ್ಯವಿಲ್ಲದಾಗ ಏನು ಮಾಡಬೇಕೆಂಬುದನ್ನು ಕಲಿತಿಲ್ಲ ಎಂಬುದು ಅವರ ಮುಖ್ಯ ವಾದ. ಮುಪ್ಪನ್ನೂ ಸಾವನ್ನೂ ಸಂಪೂರ್ಣವಾಗಿ ಆಸ್ಪತ್ರೆಯ ವಿಷಯವನ್ನಾಗಿ ಮಾಡಿದ್ದು ಕೆಲವೇ ದಶಕಗಳ ಒಂದು ಪ್ರಯೋಗ, ಆ ಪ್ರಯೋಗ ಸೋಲುತ್ತಿದೆ ಎನ್ನುತ್ತಾರೆ. 1945ರ ವರೆಗೂ ಅಮೆರಿಕದಲ್ಲಿ ಬಹುಪಾಲು ಜನ ಮನೆಯಲ್ಲೇ ಸಾಯುತ್ತಿದ್ದರು, 1980ರ ದಶಕದ ಹೊತ್ತಿಗೆ ಅವರ ಪ್ರಮಾಣ ಶೇಕಡಾ 17ಕ್ಕೆ ಇಳಿದಿತ್ತು ಎಂಬ ಲೆಕ್ಕವನ್ನು ಅವರು ಮುಂದಿಡುತ್ತಾರೆ. ಮೂವತ್ತು ನಲವತ್ತು ವರ್ಷಗಳಲ್ಲಿ ಮರಣಶಯ್ಯೆ ಮನೆಯಿಂದ ಆಸ್ಪತ್ರೆಗೆ ಸಾಗಿತು.

ಗ್ರಂಥದ ಬಲವಿರುವುದು ಅದು ತರುವ ಸಾಕ್ಷ್ಯಗಳಲ್ಲಿ. ಮೂರನ್ನು ಮಾತ್ರ ಹೇಳುತ್ತೇನೆ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 70 ದಾಟಿದ 568 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರನ್ನು ವೃದ್ಧಾಪ್ಯದ ಆರೈಕೆಯಲ್ಲಿ ಪರಿಣತರಾದ ವೈದ್ಯ-ದಾದಿಯರ ತಂಡ ನೋಡಿಕೊಂಡಿತು, ಉಳಿದವರನ್ನು ಅವರವರ ಸಾಮಾನ್ಯ ವೈದ್ಯರು. ಮರಣದ ಪ್ರಮಾಣ ಎರಡೂ ಕಡೆ ಒಂದೇ. ಆದರೆ ತಂಡದ ಆರೈಕೆ ಪಡೆದವರಲ್ಲಿ ಅಂಗವೈಕಲ್ಯಕ್ಕೆ ಒಳಗಾಗುವ ಸಂಭವ ಕಾಲು ಭಾಗ ಕಡಿಮೆಯಾಯಿತು, ಖಿನ್ನತೆ ಅರ್ಧಕ್ಕಿಳಿಯಿತು. ಆ ತಂಡ ಹೊಸ ಯಂತ್ರವನ್ನೇನೂ ತರಲಿಲ್ಲ. ಅನಗತ್ಯ ಮಾತ್ರೆಗಳನ್ನು ಕಡಿಮೆ ಮಾಡಿತು, ಕೀಲುನೋವನ್ನು ಹತೋಟಿಯಲ್ಲಿಟ್ಟಿತು, ಕಾಲುಗುರು ಕತ್ತರಿಸಿದೆಯೇ ಎಂದು ನೋಡಿತು, ಊಟ ಸರಿಯಾಗಿ ಸೇರುತ್ತಿದೆಯೇ ಎಂದು ಕೇಳಿತು. ಫಲಿತಾಂಶ ಬಂದ ಕೆಲವೇ ತಿಂಗಳಲ್ಲಿ ವಿಶ್ವವಿದ್ಯಾಲಯ ಆ ವಿಭಾಗವನ್ನೇ ಮುಚ್ಚಿತು! ವಿಮೆಯು ಅದರ ಖರ್ಚನ್ನು ಭರಿಸುತ್ತಿರಲಿಲ್ಲ.

ಎರಡನೆಯದು, ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನ ಶುಶ್ರೂಷಾಲಯ. ಅಲ್ಲಿಗೆ ಬಂದ ಬಿಲ್ ಥಾಮಸ್ ಎಂಬ ಯುವ ವೈದ್ಯ ಬೇಸರ, ಒಂಟಿತನ, ಅಸಹಾಯಕತೆ ಇವೇ ಅಲ್ಲಿನ ಮೂರು ಪಿಡುಗುಗಳೆಂದು ಗುರುತಿಸಿದ. ಮದ್ದಾಗಿ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಗಳನ್ನು ತಂದ, ತೋಟ ಮಾಡಿಸಿದ, ಮಕ್ಕಳನ್ನು ಬರಮಾಡಿಕೊಂಡ. ಮೌನವಾಗಿದ್ದವರು ಮಾತನಾಡತೊಡಗಿದರು. ಇಂಥದೇ ಮತ್ತೊಂದು ಶುಶ್ರೂಷಾಲಯಕ್ಕೆ ಹೋಲಿಸಿದರೆ ಔಷಧಿಯ ಬಳಕೆ ಅರ್ಧಕ್ಕಿಳಿಯಿತು. ಮನುಷ್ಯನಿಗೆ ಬದುಕಲು ತನಗಿಂತ ಹೊರಗಿನ ಒಂದು ಹೊಣೆ ಬೇಕು ಎಂಬ ಸತ್ಯ ಇಲ್ಲಿ ವೈದ್ಯಕೀಯ ಅಂಕಿಅಂಶವಾಗಿ ಕಾಣಿಸಿಕೊಂಡಿತು.

ಮೂರನೆಯದು ಎಲ್ಲಕ್ಕಿಂತ ಅಚ್ಚರಿಯದು. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ನಾಲ್ಕನೆಯ ಹಂತದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆಯ ತಜ್ಞರ ಭೇಟಿಯನ್ನೂ ಏರ್ಪಡಿಸಲಾಯಿತು. ಅವರ ಬಳಲಿಕೆ ಕಡಿಮೆಯಾಯಿತು, ಅವರು ಕೀಮೋಥೆರಪಿಯನ್ನು ಬೇಗ ನಿಲ್ಲಿಸಿದರು. ಆದರೂ ಇತರರಿಗಿಂತ ಸುಮಾರು ಕಾಲು ಭಾಗ ಹೆಚ್ಚು ಕಾಲ ಬದುಕಿದರು. ಉಪಶಮನ ಆರೈಕೆಯೆಂದರೆ ಕೈಬಿಡುವುದಲ್ಲ, ಮತ್ತಷ್ಟು ಗಟ್ಟಿಯಾಗಿ ಕೈಹಿಡಿಯುವುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಷ್ಟರ ಮಟ್ಟಿಗೆ ಗವಾಂಡೆಯವರ ಮಾತಿಗೂ ಧರ್ಮಸಭೆಯ ಬೋಧನೆಗೂ ವಿರೋಧವಿಲ್ಲ. ವಾಸ್ತವವಾಗಿ ಧರ್ಮಸಭೆ ಇದನ್ನು ಬಹಳ ಹಿಂದೆಯೇ ಹೇಳಿದೆ. ಹನ್ನೆರಡನೆಯ ಭಕ್ತಿನಾಥರು, ಎಂದರೆ ಪೋಪ್ ಹನ್ನೆರಡನೆಯ ಪಯಸ್, 1957ರಲ್ಲಿ ವೈದ್ಯರನ್ನುದ್ದೇಶಿಸಿ ಮಾತನಾಡುತ್ತ, ಜೀವವನ್ನು ಕಾಪಾಡಿಕೊಳ್ಳಲು ಸಾಮಾನ್ಯ ಕ್ರಮಗಳನ್ನು ಅನುಸರಿಸುವುದಷ್ಟೇ ನಮ್ಮ ಕರ್ತವ್ಯ, ಅತಿಭಾರವಾದ ಅಸಾಧಾರಣ ಕ್ರಮಗಳಿಗೆ ಯಾರೂ ಬದ್ಧರಲ್ಲ ಎಂದು ಸ್ಪಷ್ಟಪಡಿಸಿದ್ದರು. ಮರಣಾಸನ್ನರ ನೋವನ್ನು ಶಮನಗೊಳಿಸುವ ಔಷಧಿಯಿಂದ ಆಯಸ್ಸು ತುಸು ಕುಂದಬಹುದಾದರೂ, ಸಾವನ್ನು ತರುವ ಉದ್ದೇಶವಿಲ್ಲದಿದ್ದರೆ ಅದು ಸಮ್ಮತವೆಂದೂ ಅದೇ ವರ್ಷ ಹೇಳಿದ್ದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಬೋಧನೆಯನ್ನೇ ಮುಂದುವರಿಸುತ್ತದೆ. ಹೊರೆಯಾದ, ಅಪಾಯಕರವಾದ, ಫಲಕ್ಕೆ ಮೀರಿದ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯಲ್ಲ, ಸಾವನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುವುದು. ಆದರೂ ವೆಂಟಿಲೇಟರ್ ಬೇಡವೆಂದದ್ದಕ್ಕೆ ಪಾಪನಿವೇದನೆಯಲ್ಲಿ ಕಣ್ಣೀರಿಡುವ ಮಕ್ಕಳು ನಮ್ಮಲ್ಲಿದ್ದಾರೆ. ಈ ಬೋಧನೆ ಪ್ರಸಂಗಪೀಠದಿಂದ ಪೀಠದ ಕೆಳಗಿನವರೆಗೂ ಇಳಿದಿಲ್ಲ ಎಂದೇ ಇದರ ಅರ್ಥ.

ಇನ್ನು ನಮ್ಮ ದೇಶದ ಕಾನೂನು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ನೀಡಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ನ್ಯಾಯಾಲಯವೇ ಇದನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಚಿಕಿತ್ಸೆಯನ್ನು ಹಿಂತೆಗೆಯುವ ಮುನ್ನ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಆಗ ಕೆಲವರು ದಯಾಮರಣ ಬಂತೆಂದು ಹರ್ಷಿಸಿದರು, ಕೆಲವರು ಅದೇ ಮಾತಿಗೆ ಬೆದರಿದರು. ಇಬ್ಬರೂ ತಪ್ಪು. ಸಾವನ್ನು ತರುವ ಚುಚ್ಚುಮದ್ದು ನಮ್ಮ ದೇಶದಲ್ಲಿ ಕಾನೂನುಬಾಹಿರವಾಗಿಯೇ ಉಳಿದಿದೆ. ಆದರೆ ನಿರ್ದೇಶನ ಬರೆಯುವ ಕ್ರೈಸ್ತನು ಒಂದು ಎಚ್ಚರ ವಹಿಸಬೇಕು. ನಳಿಕೆಯ ಮೂಲಕವಾದರೂ ಕೊಡುವ ಅನ್ನ-ನೀರು, ದೇಹ ಅದನ್ನು ಸ್ವೀಕರಿಸುತ್ತಿರುವವರೆಗೆ, ಚಿಕಿತ್ಸೆಯಲ್ಲ, ಸಹಜ ಆರೈಕೆ ಎಂಬುದು ಧರ್ಮಸಭೆಯ ನಿಲುವು. ಈ ಸೂಕ್ಷ್ಮವನ್ನು ನ್ಯಾಯಾಲಯದ ನಮೂನೆ ನಮಗೆ ಹೇಳಿಕೊಡುವುದಿಲ್ಲ.

ಗವಾಂಡೆಯವರೊಡನೆ ನನ್ನ ಭಿನ್ನಾಭಿಪ್ರಾಯವೂ ಇಲ್ಲಿಂದಲೇ ಮೊದಲಾಗುತ್ತದೆ. ತನ್ನ ಬದುಕಿನ ಕಥೆಯ ಕೊನೆಯ ಪುಟಗಳನ್ನು ತಾನೇ ಬರೆಯುವ ಅವಕಾಶ ಪ್ರತಿಯೊಬ್ಬನಿಗೂ ಇರಬೇಕು ಎಂಬುದು ಅವರ ಆದರ್ಶ. ಸುಂದರವಾದ ಮಾತೇ. ಆದರೆ ಸ್ಮೃತಿ ಅಳಿದ ಮುದುಕಿ ಏನನ್ನು ಬರೆಯಬೇಕು? ಹುಟ್ಟಿನಿಂದಲೇ ಮಾತು ಬಾರದ ಮಗು? ಅವರ ಘನತೆ ಆಯ್ಕೆ ಮಾಡುವ ಶಕ್ತಿಯಲ್ಲಿಲ್ಲ, ಅವರು ದೇವರ ಸ್ವರೂಪದಲ್ಲಿ ಸೃಷ್ಟಿಯಾದವರೆಂಬುದರಲ್ಲಿದೆ. ಘನತೆಯನ್ನು ಆಯ್ಕೆಯ ಮೇಲೆ ನಿಲ್ಲಿಸಿದರೆ ಆಯ್ಕೆ ಕುಸಿದ ದಿನ ಘನತೆಯೂ ಕುಸಿಯುತ್ತದೆ. ಇದೇ ಕಾರಣದಿಂದಿರಬೇಕು, ವೈದ್ಯನ ನೆರವಿನ ಸಾವಿನ ಬಗ್ಗೆ ಗ್ರಂಥದ ನಿಲುವು ತೊಯ್ದಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ 2012ರ ಹೊತ್ತಿಗೆ ಸಾಯುವ 35 ಜನರಲ್ಲಿ ಒಬ್ಬರು ಇಂಥ ಸಾವನ್ನು ಕೋರುವಂತಾದದ್ದು ಯಶಸ್ಸಲ್ಲ, ಸೋಲು ಎಂದು ಲೇಖಕರೇ ಬರೆಯುತ್ತಾರೆ. ಉಪಶಮನ ಆರೈಕೆ ಅಲ್ಲಿ ಹಿಂದೆ ಬಿದ್ದದ್ದನ್ನೂ ಗುರುತಿಸುತ್ತಾರೆ. ಆದರೂ ಅಂಥ ಕಾನೂನಿಗೆ ತಮ್ಮ ಬೆಂಬಲವಿದೆ ಎನ್ನುತ್ತಾರೆ. ರೋಗವನ್ನು ಇಷ್ಟು ಚೆನ್ನಾಗಿ ಗುರುತಿಸಿದ ವೈದ್ಯರು ಅದನ್ನು ಹೆಚ್ಚಿಸುವ ಔಷಧಿಗೆ ಚೀಟಿ ಬರೆದಂತಾಯಿತು.

ಲೇಖಕರ ಅಜ್ಜನ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಮಹಾರಾಷ್ಟ್ರದ ಹಳ್ಳಿಯಲ್ಲಿ ಸುಮಾರು 110 ವರ್ಷ ಬಾಳಿದ ಆತ ಮಕ್ಕಳು ಮೊಮ್ಮಕ್ಕಳ ನಡುವೆ ಯಜಮಾನನಾಗಿಯೇ ಉಳಿದ, ಇಳಿವಯಸ್ಸಿನಲ್ಲೂ ಕುದುರೆಯೇರಿ ಹೊಲ ಸುತ್ತಿದ. ಓದುವಾಗ ನಮಗೆ ಹೆಮ್ಮೆಯಾಗುತ್ತದೆ. ಆದರೆ ಅಂಥ ವೃದ್ಧಾಪ್ಯ ಕಿರಿಯರ ಸ್ವಾತಂತ್ರ್ಯದ ಬೆಲೆಯಲ್ಲಿ ಬಂದದ್ದೆಂದು ಗವಾಂಡೆ ಪ್ರಾಮಾಣಿಕವಾಗಿ ಹೇಳುತ್ತಾರೆ. ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಆ ಬೆಲೆಯ ದೊಡ್ಡ ಪಾಲನ್ನು ತೆತ್ತವಳು ಮನೆಯ ಸೊಸೆ. ಇಂದೂ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಮಾವನ ಮಲಮೂತ್ರ ಬಳಿಯುವವಳು ಅವಳೇ. ರಾತ್ರಿ ಮೂರು ಸಲ ಏಳುವ ಆಕೆಯ ಬೆನ್ನುನೋವನ್ನು ಈ ಗ್ರಂಥ ಹೆಚ್ಚಾಗಿ ಕಂಡಿಲ್ಲ, ಸರ್ಕಾರಿ ಯೋಜನೆಗಳು ಕಂಡೇ ಇಲ್ಲ.

ಆರೋಗ್ಯ ನೀತಿಯ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ಚಿಕಿತ್ಸೆಯ ಭರವಸೆ ನೀಡಿತು. 2024ರಲ್ಲಿ ಕೇಂದ್ರ ಸರ್ಕಾರ ಅದನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಿತು. ಸಂತೋಷವೇ. ಆದರೆ ಆಸ್ಪತ್ರೆಗೆ ಸೇರಿದರೆ ಹಣ, ಮನೆಗೆ ಬಂದು ಹುಣ್ಣು ತೊಳೆಯುವ ದಾದಿಗೆ ಹಣವಿಲ್ಲ. ಮಿನೆಸೋಟದಲ್ಲಿ ನಡೆದದ್ದೇ ಇದು. ನೋವಿನ ವಿಷಯದಲ್ಲೂ ಹೀಗೆ. 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದು ದುಸ್ತರವಾಯಿತು. 2014ರಲ್ಲಿ ತಿದ್ದುಪಡಿ ತಂದು ಪರವಾನಗಿಯನ್ನು ಸರಳಗೊಳಿಸಲಾಯಿತು. ಕಾನೂನು ಸಡಿಲವಾದರೂ ಅದನ್ನು ಬರೆದುಕೊಡಲು ತರಬೇತಾದ ವೈದ್ಯರು ಪಟ್ಟಣಗಳಾಚೆ ವಿರಳ.

ಮಾದರಿಗಳಿಲ್ಲದೆ ಇಲ್ಲ. ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಸಣ್ಣದಾಗಿ ಆರಂಭವಾದ ಉಪಶಮನ ಸೇವೆ ಊರೂರಿನ ಸ್ವಯಂಸೇವಕರ ಚಳವಳಿಯಾಗಿ ಬೆಳೆಯಿತು, 2008ರಲ್ಲಿ ಕೇರಳ ಅದನ್ನೇ ಸರ್ಕಾರಿ ನೀತಿಯಾಗಿಸಿತು. ಬೆಂಗಳೂರಿನ ಕರುಣಾಶ್ರಯವು ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮುಂಬಯಿಯಲ್ಲಿ 1986ರಲ್ಲಿ ತೆರೆದ ಶಾಂತಿ ಅವೇದನಾ ಸದನದಲ್ಲಿ ರೋಗಿಗಳ ಶುಶ್ರೂಷೆಗೆ ನಿಂತವರು ನಮ್ಮ ಕನ್ಯಾಸ್ತ್ರೀಯರೇ.

ಗ್ರಂಥದ ಕೊನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಲೇಖಕರ ತಂದೆಗೆ ಬೆನ್ನುಹುರಿಯಲ್ಲಿ ಗೆಡ್ಡೆ. ಒಬ್ಬ ಶಸ್ತ್ರವೈದ್ಯ ತಕ್ಷಣ ಕೊಯ್ಯಬೇಕೆಂದ. ಇನ್ನೊಬ್ಬ ಕುಳಿತು, ನಿಮಗೆ ಯಾವುದರ ಭಯ ಎಂದು ಕೇಳಿ, ಕಾಯೋಣವೆಂದ. ತಂದೆ ನಂಬಿದ್ದು ಈ ಎರಡನೆಯವನನ್ನು. ಅವರು ತೀರಿಕೊಂಡ ಮೇಲೆ, ದೇವರಲ್ಲಿ ಅಷ್ಟಾಗಿ ನಂಬಿಕೆಯಿಲ್ಲದ ಮಗ ಕಾಶಿಯಲ್ಲಿ ಗಂಗೆಯ ನಡುವೆ ದೋಣಿಯಲ್ಲಿ ಕುಳಿತು ತಂದೆಯ ಅಸ್ಥಿಯನ್ನು ಬಿಡುತ್ತಾನೆ. ಪ್ರಾರ್ಥನೆ, ಕ್ಷಮೆ, ಪರಲೋಕ ಇವುಗಳ ಬಗ್ಗೆ ಗ್ರಂಥದುದ್ದಕ್ಕೂ ಹೆಚ್ಚೇನೂ ಮಾತಿಲ್ಲ. ಆದರೆ ವೈದ್ಯವಿದ್ಯೆ ಮುಗಿದೆಡೆಯಲ್ಲಿ ಲೇಖಕರಿಗೆ ಆಸರೆಯಾದದ್ದು ಒಂದು ಪ್ರಾಚೀನ ಸಂಸ್ಕಾರವೇ. ಒಳ್ಳೆಯ ಪ್ರಶ್ನೆ ಕೇಳಬಲ್ಲ ವೈದ್ಯ ದೊಡ್ಡ ವರ. ಆದರೆ ಸಾಯುವವನ ಎಲ್ಲ ಪ್ರಶ್ನೆಗಳೂ ವೈದ್ಯನಿಗೆ ಕೇಳುವಂಥವಲ್ಲ. ಹತ್ತು ವರ್ಷ ಮಾತುಬಿಟ್ಟ ತಮ್ಮ ಬರುತ್ತಾನೆಯೇ? ನಾನು ಮಾಡಿದ್ದಕ್ಕೆ ಕ್ಷಮೆಯುಂಟೆ? ಮುಂದೇನು?

ನಮ್ಮ ಧರ್ಮಸಭೆಗೆ ಈ ಪ್ರಶ್ನೆಗಳಿಗಾಗಿಯೇ ಒಂದು ಸಂಸ್ಕಾರವಿದೆ. ರೋಗಿಗಳ ಅಭ್ಯಂಗವನ್ನು ನಾವು ಇಂದಿಗೂ ಅಂತ್ಯಾಭ್ಯಂಗವೆಂದೇ ತಿಳಿದು, ಪ್ರಜ್ಞೆ ತಪ್ಪಿದ ಮೇಲೆ ಗುರುಗಳನ್ನು ಕರೆಯುತ್ತೇವೆ. ಮೊದಲೇ ಕರೆದರೆ ಅಪ್ಪ ಹೆದರುತ್ತಾರೆಂಬ ಅಂಜಿಕೆ. ಟಾಲ್‌ಸ್ಟಾಯ್ ಸೃಷ್ಟಿಸಿದ ಇವಾನ್ ಇಲಿಚ್‌ನನ್ನು ಗವಾಂಡೆ ಗ್ರಂಥದ ಆರಂಭದಲ್ಲೇ ನೆನೆಯುವುದು ಇದಕ್ಕಾಗಿಯೇ. ಅವನನ್ನು ರೋಗಕ್ಕಿಂತ ಹೆಚ್ಚಾಗಿ ಸುಟ್ಟದ್ದು, ಅವನು ಸಾಯುತ್ತಿಲ್ಲವೆಂದು ಮನೆಮಂದಿಯೆಲ್ಲ ನಟಿಸಿದ ಸುಳ್ಳು. ಪ್ರಜ್ಞೆಯಿರುವಾಗಲೇ ಅಭ್ಯಂಗವನ್ನೂ ದಾರಿಬುತ್ತಿಯಾದ ಪರಮಪ್ರಸಾದವನ್ನೂ ಕೊಡಿಸುವ ಮನೆಯಲ್ಲಿ ಈ ನಟನೆ ಉಳಿಯಲಾರದು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ತಂದೆತಾಯಿ ಆರೋಗ್ಯವಾಗಿರುವಾಗಲೇ, ಹಬ್ಬಕ್ಕೆ ಎಲ್ಲರೂ ಸೇರಿದ ದಿನ, ಈ ಮಾತನ್ನು ತೆಗೆಯಿರಿ. ನಿಮಗೆ ಯಾವುದು ಮುಖ್ಯ, ಯಾವುದರ ಭಯ, ಎಲ್ಲಿ ಕೊನೆಯುಸಿರೆಳೆಯಲು ಇಷ್ಟ ಎಂದು ಕೇಳಿರಿ. ನಿಮ್ಮ ಪರವಾಗಿ ಯಾರು ಮಾತನಾಡಬೇಕೆಂಬುದನ್ನು ಬರೆದಿಡಿಸಿ. ಧರ್ಮಕೇಂದ್ರಗಳು ಪ್ರತಿ ವಾಳೆಯಲ್ಲಿ ಹಾಸಿಗೆ ಹಿಡಿದವರೆಷ್ಟು, ಅವರನ್ನು ನೋಡಿಕೊಳ್ಳುವವರಾರು ಎಂಬ ಪಟ್ಟಿ ಮಾಡಲಿ. ವಾರಕ್ಕೊಂದು ಮಧ್ಯಾಹ್ನ ಆ ಸೊಸೆಗೆ ಬಿಡುವು ಕೊಡಲು ಇಬ್ಬರು ಹೋಗಿ ಕೂರಲಿ. ಶುಭಸಂದೇಶದ ಸಮಾರ್ಯದವನು ಗಾಯಾಳುವಿಗೆ ಎಣ್ಣೆ ಹಚ್ಚಿ ಹೊರಟುಹೋಗಲಿಲ್ಲ, ಛತ್ರಕ್ಕೆ ಕರೆದೊಯ್ದು ಅಲ್ಲಿನ ಖರ್ಚನ್ನೂ ವಹಿಸಿಕೊಂಡ. ವಾಸಿಮಾಡಲಾಗದ ಕಡೆಯೂ ಮಾಡಬೇಕಾದ ಕೆಲಸ ಬಹಳ ಉಳಿದಿರುತ್ತದೆ. ಅದರಲ್ಲಿ ವೈದ್ಯನ ಪಾಲು ಸ್ವಲ್ಪ, ಉಳಿದದ್ದು ನಮ್ಮದು.