ಆರು ಸ್ಯಾಡಲ್‌ಗಳ ಬ್ರಿಡ್ಜ್: ದೂರು ಎಷ್ಟು ನಿಜ?

1954ರಲ್ಲಿ ಲಿಯೋ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರಿಗೆ ಕೂರಿಸಿದ ಬ್ರಿಡ್ಜ್ ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಗುತ್ತಿದೆ. ಅದರ ಮೇಲಿರುವ ದೂರೂ ಅಷ್ಟೇ ಹಳೆಯದು: ಶ್ರುತಿ ನಿಲ್ಲುವುದಿಲ್ಲ. ಈ ದೂರಿನಲ್ಲಿ ಬ್ರಿಡ್ಜಿನ ತಪ್ಪು ಸ್ವಲ್ಪ, ನಾವು ತಂತಿ ಬದಲಾಯಿಸುವ ರೀತಿಯ ತಪ್ಪು ಬಹಳ ಎಂದು ನನಗನ್ನಿಸುತ್ತದೆ.

ಮೊದಲು ಅದರ ಸಾಧನೆ: ಆರು ತಂತಿಗೂ ಒಂದೊಂದು ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ಆಸರೆ. ಫೆಂಡರ್ ಅವರದೇ ಟೆಲಿಕ್ಯಾಸ್ಟರ್‌ನಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್ ಇದ್ದವು. 1951ರ ಪ್ರೆಸಿಷನ್ ಬೇಸ್‌ನಲ್ಲಿ ನಾಲ್ಕು ತಂತಿಗೆ ಎರಡೇ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ತುಸು ಹಿಗ್ಗಿ ಸ್ವರ ಏರುತ್ತದೆ. ಎಷ್ಟು ಏರುತ್ತದೆ ಎಂಬುದು ತಂತಿಯ ದಪ್ಪ ಮತ್ತು ಎತ್ತರಕ್ಕೆ ಬಿಟ್ಟದ್ದು. ಅದನ್ನು ಸರಿದೂಗಿಸಲು ಪ್ರತಿ ತಂತಿಗೂ 25.5 ಇಂಚಿನ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದ ಕೊಡಬೇಕು, ಅದೂ ಒಂದೊಂದಕ್ಕೆ ಒಂದೊಂದು ಅಳತೆ. ಜೋಡಿ ಸ್ಯಾಡಲ್‌ನಲ್ಲಿ ಒಂದು ತಂತಿಯನ್ನು ಸರಿಮಾಡಿದರೆ ಜೊತೆಯದು ಕೆಡುತ್ತದೆ. ನಮ್ಮ ವೀಣೆಯಲ್ಲಿ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಮೇಳ ಕಟ್ಟಬಲ್ಲ, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಕೂರಿಸಬಲ್ಲ ಕುಶಲಕರ್ಮಿಯನ್ನೇ ಹುಡುಕಬೇಕು. ಗಿಟಾರಿನ ಫ್ರೆಟ್‌ಗಳು ಅಲುಗುವಂತಿಲ್ಲ, ಬದಲಿಗೆ ಸ್ಯಾಡಲ್ ಸರಿಯುತ್ತದೆ. ಅದೇ 1954ರಲ್ಲಿ ಬಂದ ಗಿಬ್ಸನ್‌ನ ಟ್ಯೂನ್-ಓ-ಮ್ಯಾಟಿಕ್‌ನಲ್ಲೂ ಆರು ಸ್ಯಾಡಲ್ ಇವೆ, ಆದರೆ ಎತ್ತರವನ್ನು ಎರಡು ತುದಿಗಳಲ್ಲಿ ಮಾತ್ರ ಬದಲಿಸಬಹುದು. ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಪ್ರತಿ ಸ್ಯಾಡಲ್‌ಗೂ ಎತ್ತರಕ್ಕೆ ಎರಡು ಸ್ಕ್ರೂ, ಉದ್ದಕ್ಕೆ ಒಂದು. ವಾದ್ಯದ ಶ್ರುತಿಯ ಅಧಿಕಾರವನ್ನು ಇಷ್ಟು ಪೂರ್ತಿಯಾಗಿ ನುಡಿಸುವವರ ಕೈಗೆ ಕೊಟ್ಟ ವಿನ್ಯಾಸ ಅದಕ್ಕೆ ಮೊದಲು ನನಗೆ ಕಾಣುವುದಿಲ್ಲ. ಸ್ವತಃ ಗಿಟಾರ್ ನುಡಿಸಲು ಬಾರದ, ರೇಡಿಯೋ ರಿಪೇರಿಯಿಂದ ಬಂದ ಮನುಷ್ಯ ಇದನ್ನು ಮಾಡಿದ್ದು!

ತೊಡಕು ಇರುವುದು ಕೆಳಭಾಗದಲ್ಲಿ. ತೋಳು ಒತ್ತಿ ಸ್ವರವನ್ನು ಅಲುಗಿಸಲು ಆಗಲೆಂದು ಬ್ರಿಡ್ಜ್ ಮುಂದಿನ ಅಂಚಿನ ಸ್ಕ್ರೂಗಳ ಮೇಲೆ ತೂಗುತ್ತದೆ. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಗಿಟಾರಿನ ಬೆನ್ನಲ್ಲಿರುವ ಸ್ಪ್ರಿಂಗ್‌ಗಳ ಎಳೆತ. ಹಾಗಾಗಿ ಯಾವುದೂ ಒಂಟಿಯಲ್ಲ. ಒಂದು ತಂತಿ ಹರಿದರೆ ಉಳಿದ ಐದರ ಶ್ರುತಿ ಏರುತ್ತದೆ. ಒಂದನ್ನು ಬೆಂಡ್ ಮಾಡಿದರೆ ಉಳಿದವು ಇಳಿಯುತ್ತವೆ. ಇವು ನಿಜವಾದ ದೋಷಗಳು, ಎಷ್ಟು ಹೊಂದಿಸಿದರೂ ಹೋಗುವುದಿಲ್ಲ. ಎರಿಕ್ ಕ್ಲಾಪ್ಟನ್ ಮರದ ತುಂಡು ಇಟ್ಟು ಬ್ರಿಡ್ಜನ್ನು ಅಲುಗದಂತೆ ಮಾಡಿಸಿಕೊಂಡದ್ದು ಸುಮ್ಮನೆ ಅಲ್ಲ.

ಉಳಿದ ತೊಂದರೆ ನಮ್ಮ ಕೈಯದು. 9-42 ಅಳತೆಯ ತಂತಿ ತೆಗೆದು ಇನ್ನೂ ದಪ್ಪನೆಯ 10-46 ಹಾಕಿದರೆ ಒಟ್ಟು ಎಳೆತ ಸುಮಾರು 38 ಕಿಲೋದಿಂದ 46 ಕಿಲೋಗೆ ಏರುತ್ತದೆ. ಸ್ಪ್ರಿಂಗ್ ಬಿಗಿ ಮಾಡದಿದ್ದರೆ ಬ್ರಿಡ್ಜ್ ಮುಂದಕ್ಕೆ ವಾಲಿ, ತಂತಿಗಳ ಎತ್ತರ, ಉದ್ದ ಎರಡೂ ಕೆಡುತ್ತವೆ. ಆಗ ನಾವು ಸ್ಯಾಡಲ್ ತಿರುಗಿಸಲು ಕೂರುತ್ತೇವೆ. ಕಾರಣ ಬೆನ್ನಲ್ಲಿರುವಾಗ ಮುಖಕ್ಕೆ ಚಿಕಿತ್ಸೆ. ಹಳೆಯ ತಂತಿಯ ಮೇಲೆ ಇಂಟೊನೇಷನ್ (ಪ್ರತಿ ತಂತಿಯ ಉದ್ದ) ಹೊಂದಿಸುವುದಂತೂ ವ್ಯರ್ಥ. ಬೆವರು, ತುಕ್ಕು ಹಿಡಿದ ತಂತಿ ಉದ್ದಕ್ಕೂ ಒಂದೇ ಸಮ ಕಂಪಿಸುವುದಿಲ್ಲ. ಮಂಗಳೂರು, ಕಾರವಾರದ ಕಡಲ ಗಾಳಿಯಲ್ಲಿ ಇದು ಬೇಗ ಆಗುತ್ತದೆ, ಸ್ಯಾಡಲ್ ಸ್ಕ್ರೂಗಳೂ ಕಚ್ಚಿಕೊಳ್ಳುತ್ತವೆ.

ಬೇಸ್‌ನಲ್ಲಿ ಈ ತೂಗಾಟವಿಲ್ಲ. 1957ರಲ್ಲಿ ಪ್ರೆಸಿಷನ್ ಬೇಸ್‌ಗೆ ನಾಲ್ಕು ಸ್ಯಾಡಲ್ ಬಂದ ಮೇಲೆ ಕೆಲಸ ಸರಳವಾಯಿತು. ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಹರಿಯುವವರೆಗೂ ಬದಲಿಸುತ್ತಿರಲಿಲ್ಲ ಎಂಬುದನ್ನು ಬೇಸ್ ನುಡಿಸುವವರು ಸೋಮಾರಿತನಕ್ಕೆ ಸಮರ್ಥನೆಯಾಗಿ ಬಳಸುತ್ತಾರೆ. ಅವರು ನುಡಿಸಿದ್ದು ಫ್ಲ್ಯಾಟ್‌ವೌಂಡ್ ತಂತಿಯಲ್ಲಿ, ಅವರಿಗೆ ಬೇಕಿದ್ದದ್ದು ಆ ಮಂದ ನಾದವೇ. ರೌಂಡ್‌ವೌಂಡ್ ತಂತಿಯ ಹೊಳಪು ಬೇಕೆನ್ನುವವರಿಗೆ ಆ ಮಾದರಿ ಒಪ್ಪುವುದಿಲ್ಲ.

ಶ್ರುತಿಯ ಸಮಸ್ಯೆಗೆ ಫ್ಲಾಯ್ಡ್ ರೋಸ್ ಎಂಬವರು ತಮ್ಮ ಬ್ರಿಡ್ಜಿನಲ್ಲಿ ಕೊಟ್ಟ ಉತ್ತರ ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದು ಬೀಗ ಹಾಕುವುದು. ಶ್ರುತಿ ನಿಲ್ಲುತ್ತದೆ, ಒಪ್ಪೋಣ. ಆದರೆ ಅದರ ಮೂಲ ಮಾದರಿಯಲ್ಲಿ ತಂತಿಯ ಗುಂಡು ತುದಿ ಕತ್ತರಿಸಬೇಕು, ಬೀಗಗಳನ್ನು ಸಡಿಲಿಸಬೇಕು, ತೂಗಾಟದ ತೊಂದರೆ ಹಾಗೇ ಉಳಿಯುತ್ತದೆ. ತಂತಿ ಬದಲಿಸುವುದೇ ಬೇಸರವಾಗಿ ಹಳೆಯದರಲ್ಲೇ ನುಡಿಸುತ್ತ ಹೋಗುವವರನ್ನು ಕಂಡಿದ್ದೇನೆ.

ಏಳು ದಶಕ ದಾಟಿದ ಮೇಲೂ ಫೆಂಡರ್ ಬ್ರಿಡ್ಜೇ ಮೇಲು ಎಂಬುದು ನನ್ನ ತೀರ್ಮಾನ. ತೋಳು ಬಳಸದವರು ಅಲುಗದ ಬ್ರಿಡ್ಜ್ ಇರುವ ಗಿಟಾರನ್ನೇ ಕೊಳ್ಳಲಿ. ಬಳಸುವವರು ಒಮ್ಮೆ ಬೆನ್ನಿನ ಮುಚ್ಚಳ ಬಿಚ್ಚಿ ನೋಡಿ. ಹೊಸ ತಂತಿಗಳನ್ನು ಒಂದೊಂದಾಗಿ ಹಾಕಿ, ಸ್ಪ್ರಿಂಗ್ ಸಮತೋಲ, ನೆಕ್‌ನ ಬಾಗು, ಎತ್ತರ ಇವನ್ನು ಕ್ರಮವಾಗಿ ಮುಗಿಸಿ ಕಡೆಗೆ 12ನೇ ಫ್ರೆಟ್‌ನ ಸ್ವರವನ್ನು ಅಲ್ಲಿನ ಹಾರ್ಮೋನಿಕ್ ಜೊತೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.