ಸೆರೆಮನೆಯ ಮಾತು ಯಾರ ಬಾಯಲ್ಲಿ?

ನಾಟಕವೊಂದನ್ನು ರಂಗದ ಮೇಲೆ ನೋಡದೆ, ಬರಿಯ ಓದಿನಿಂದ ವಿಮರ್ಶಿಸುವುದು ಅಪಾಯದ ಕೆಲಸವೇ ಸರಿ. ಆದರೂ ಆಲಿಸ್ ಬರ್ಚ್ ಅವರ ಇಂಗ್ಲಿಷ್ ನಾಟಕ 'ಬ್ಲ್ಯಾಂಕ್' ಕುರಿತು ಎರಡು ಮಾತು ಹೇಳಬೇಕೆನಿಸಿದೆ.

ಇದನ್ನು 2019ರಲ್ಲಿ ಲಂಡನ್ನಿನ ಡಾನ್‌ಮಾರ್ ರಂಗಮಂದಿರದ ಜೊತೆಗೂಡಿ ಆಡಿಸಿದ್ದು 'ಕ್ಲೀನ್ ಬ್ರೇಕ್' ತಂಡ. 1979ರಲ್ಲಿ ಯಾರ್ಕ್‌ಷೈರಿನ ಆಸ್ಕ್‌ಹ್ಯಾಮ್ ಗ್ರೇಂಜ್ ಸೆರೆಮನೆಯಲ್ಲಿ ಜೆನ್ನಿ ಹಿಕ್ಸ್ ಮತ್ತು ಜಾಕ್ವೆಲಿನ್ ಹಾಲ್‌ಬರೋ ಎಂಬ ಇಬ್ಬರು ಮಹಿಳಾ ಕೈದಿಗಳು ಕಟ್ಟಿದ ತಂಡವದು. ತಮ್ಮ ಕಥೆಯನ್ನು ತಾವೇ ಹೇಳಬೇಕೆಂಬುದು ಅವರ ಹಟ. ಮುಂದೆ ತಂಡವು ಹೆಸರಾಂತ ನಾಟಕಕರ್ತೆಯರಿಂದ ಬರೆಸತೊಡಗಿತು. ನಲವತ್ತನೆಯ ವರ್ಷದ ಈ ನಾಟಕವೂ ಹಾಗೆ ಬರೆಸಿದ್ದೇ.

ಇದರಲ್ಲಿ 100 ದೃಶ್ಯಗಳಿವೆ. ನಿರ್ದೇಶಕರು ಬೇಕಾದವನ್ನು ಆರಿಸಿ, ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಸೆರೆವಾಸವು ಸಂಸಾರಗಳನ್ನು ಚೂರುಮಾಡುವ ಕಥೆಗೆ ಈ ಚೂರು ಚೂರಾದ ರಚನೆ ತಕ್ಕದ್ದೇ. ಆದರೆ ಒಬ್ಬಳ ನೋವು ಮನಸ್ಸಿನಲ್ಲಿ ಊರುವ ಮೊದಲೇ ಇನ್ನೊಬ್ಬಳು ಬರುತ್ತಾಳೆ. ಯಾರ ಮುಖವೂ ನೆನಪಿನಲ್ಲಿ ನಿಲ್ಲುವುದಿಲ್ಲ. ನನ್ನ ತಕರಾರು ಇದೇ.

ನಾಟಕ ಗೆಲ್ಲುವುದು ದೀರ್ಘವಾದ ಔತಣದ ದೃಶ್ಯದಲ್ಲಿ. ಅಲ್ಲಿರುವವರು ಉಂಡು, ಕುಡಿದು, ಲೋಕದ ಕಷ್ಟವನ್ನು ಚರ್ಚಿಸುವ ಸುಶಿಕ್ಷಿತ ಗೆಳತಿಯರು. ಅವರ ಅನುಕಂಪದ ಟೊಳ್ಳು ಬಯಲಾದಾಗ, ನಮ್ಮ ಕ್ವಾರ್ಟರ್ಸಿನ ಊಟದ ಹೊತ್ತಿನ ಮಾತುಕತೆಯೇ ಕಿವಿಗೆ ಬಿದ್ದಂತಾಗಿ ಕಸಿವಿಸಿಯಾಯಿತು.

ತಂಡ ಕಟ್ಟಿದ ಆ ಇಬ್ಬರು ಕೇಳಿದ್ದು ಅನುಕಂಪವನ್ನಲ್ಲ, ಮಾತಾಡುವ ಹಕ್ಕನ್ನು. ಬರ್ಚ್ ಅವರ ಜಾಣ್ಮೆಯನ್ನು ಮನಸಾರೆ ಮೆಚ್ಚುತ್ತಲೇ, ಇಂಥ ದೊಡ್ಡ ರಂಗಗಳ ಮೇಲೆ ಸೆರೆ ಕಂಡವರ ಬರಹವೇ ಹೆಚ್ಚಾಗಿ ಬರಲಿ ಎಂದು ಹಾರೈಸುತ್ತೇನೆ.