ತುಕ್ಕು ಬೇರೆ, ಬೀಗ ಬೇರೆ

ಸ್ವಂತ ಕಾರನ್ನು ತಾವೇ ರಿಪೇರಿ ಮಾಡಿಕೊಳ್ಳುವುದನ್ನು ಹೊಗಳುವವರು ಉಳಿಯುವ ದುಡ್ಡಿನ ಲೆಕ್ಕ ಹೇಳುತ್ತಾರೆ. ಬೇಡ ಎನ್ನುವವರು ಅನುಭವ ಸಾಲದು ಎನ್ನುತ್ತಾರೆ. ಆದರೆ ಸ್ಪ್ಯಾನರ್ ಹಿಡಿದವರನ್ನು ನಿಜಕ್ಕೂ ಸತಾಯಿಸುವುದು ಕೆಟ್ಟ ಭಾಗವಲ್ಲ, ಅದರವರೆಗೆ ಕೈ ಹೋಗದಂತೆ ತಡೆಯುವ ಭಾಗಗಳು.

ಮಾರುತಿ ಜಿಪ್ಸಿಯನ್ನೇ ನೋಡಿ. 1985ರಲ್ಲಿ ಬಂದ ಈ ಗಾಡಿಯಲ್ಲಿ ಮುಚ್ಚುಮರೆ ಕಡಿಮೆ. ಹಿಂದಿನ ಬ್ರೇಕ್ ಶೂ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಮಲೆನಾಡಿನ ಮಳೆ, ಕೆಸರು ಕಂಡ ಗಾಡಿಯಾದರೆ ಡ್ರಮ್ಮೇ ಹೊರಗೆ ಬರುವುದಿಲ್ಲ. ನಡುವೆ ತುಕ್ಕು ಕಚ್ಚಿಕೊಂಡಿರುತ್ತದೆ. ಒಳಗೆ ಸವೆದು ಎದ್ದ ಅಂಚಿಗೆ ಶೂ ಸಿಕ್ಕಿಕೊಂಡಿರುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಡ್ರಮ್ಮಿನ ಮೇಲೆ ಥ್ರೆಡ್ ಇರುವ ಎರಡು ತೂತುಗಳಿವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ, ಅದನ್ನಿಷ್ಟು ಇದನ್ನಿಷ್ಟು ಬಿಗಿಯುತ್ತ ಹೋದರೆ ಡ್ರಮ್ ಮೆಲ್ಲಗೆ ಸಡಿಲವಾಗುತ್ತದೆ. ಅಷ್ಟರಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಮುಗಿಯಿತು: ಅಂಗಡಿಗೆ ಹೋಗಲು ಬೇಕಾದ ಗಾಡಿ ಸ್ಟ್ಯಾಂಡಿನ ಮೇಲೆ ಬಿಚ್ಚಿಕೊಂಡು ಕೂತಿದೆ. ಬಸ್ಸು ಹಿಡಿದು ಹೋದರೆ ಅಂಗಡಿಯವನು ಯಾವ ವರ್ಷದ ಮಾಡೆಲ್ ಎಂದು ಕೇಳುತ್ತಾನೆ. ವರ್ಷ ತಪ್ಪಿದರೆ ಮತ್ತೊಂದು ಬಸ್ಸು.

ಈ ಕಾಟದ ಬಗ್ಗೆ ನನಗೆ ತಕರಾರಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಯಾರ ಸಂಚೂ ಅಲ್ಲ. ಡ್ರಮ್ ಬಿಚ್ಚಿದವರಿಗೆ ವೀಲ್ ಸಿಲಿಂಡರ್ ಒದ್ದೆಯಾಗಿರುವುದು ಕಾಣುತ್ತದೆ, ಬ್ರೇಕ್ ಆಯಿಲ್ ಯಾಕೆ ಇಳಿಯುತ್ತಿತ್ತು ಎಂಬುದು ತಿಳಿಯುತ್ತದೆ. ಗ್ಯಾರೇಜಿನ ಬಿಲ್ಲು ಅದನ್ನು ಹೇಳುವುದು ಅಪರೂಪ. ಒಂದು ದಿನ ಹಾಳಾದರೂ ಈ ಕೆಲಸ ಮಾಡಿ ನೋಡುವಂಥದ್ದೇ.

ತಕರಾರಿರುವುದು ಇನ್ನೊಂದು ಬಗೆಯ ತಡೆಯ ಮೇಲೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಹಲವು ಹೊಸ ಕಾರುಗಳಲ್ಲಿ ಹಿಂದಿನ ಪ್ಯಾಡ್ ಬದಲಿಸಬೇಕಾದರೆ ಕ್ಯಾಲಿಪರಿನ ಮೋಟರನ್ನು ಮೊದಲು ಹಿಂದಕ್ಕೆ ಸರಿಸಬೇಕು. ಅದಕ್ಕೆ ಸ್ಪ್ಯಾನರ್ ಸಾಲದು, ಸ್ಕ್ಯಾನರ್ ಬೇಕು. ಬೋಲ್ಟುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ, ಕೆಲಸ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ತಾಳ್ಮೆಯಿಂದ ಗೆಲ್ಲುವ ಅವಕಾಶವೂ ಇಲ್ಲಿಲ್ಲ.

ಇದು ಹವ್ಯಾಸಿಗಳ ಗೊಣಗಾಟವಷ್ಟೇ ಅಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಪೇಟೆಯಲ್ಲಿ ಅಂಗಡಿ ಇಟ್ಟ ಮೆಕ್ಯಾನಿಕ್ಕಿಗೇ ಈ ಪಾಡಾದರೆ ಮನೆಯಂಗಳದಲ್ಲಿ ಕೂತವರ ಗತಿ ಕೇಳುವುದೇ ಬೇಡ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆ, ಆದರೆ ಪೋರ್ಟಲಿಗಿಂತ ಕಾರಿನ ಜೊತೆ ಬರುವ ಕೈಪಿಡಿ ದಪ್ಪವಾಗಬೇಕು.

ಏರ್‌ಬ್ಯಾಗ್ ಬಿಚ್ಚಲು ನನ್ನಂಥವರನ್ನು ಬಿಡಬೇಡಿ, ಅದು ಜೀವದ ಪ್ರಶ್ನೆ. ಆದರೆ ಬ್ರೇಕ್ ಪ್ಯಾಡ್ ಸವೆಯಲೆಂದೇ ಮಾಡಿದ ಭಾಗ. ಅದನ್ನು ಬದಲಿಸುವ ಕ್ರಮ ಆ ಕೈಪಿಡಿಯಲ್ಲಿ ಅಚ್ಚಾಗಲಿ, ಮೋಟರ್ ಹಿಂದೆ ಸರಿಸುವ ಆಯ್ಕೆ ಡ್ಯಾಶ್‌ಬೋರ್ಡಿನಲ್ಲೇ ಇರಲಿ.